ಕೂನೂರಿನ ಐರಿಷ್ ಡಾಕ್ಟರು ಮತ್ತು ನಮ್ಮ ಊಟದ ತಟ್ಟೆ



ಕೆಲವು ವಾರಗಳ ಹಿಂದೆ ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಒಬ್ಬ ತಾಯಿ ನನ್ನನ್ನು ನಿಲ್ಲಿಸಿ ಕೇಳಿದರು: "ಸ್ವಾಮಿ, ನಾವು ಹೊಲದಲ್ಲಿ ರಾಗಿ ಬೆಳೀತೀವಿ. ಆದ್ರೆ ಮಕ್ಕಳು ಮುದ್ದೆ ಮುಟ್ಟೋದಿಲ್ಲ, ಬಿಳಿ ಅನ್ನವೇ ಬೇಕು ಅಂತಾವೆ. ರಾಗೀನೆಲ್ಲ ಮಾರಿಬಿಟ್ಟು ಅಕ್ಕಿ ತಿಂದ್ರೆ ತಪ್ಪೇನು?"

ತಪ್ಪು, ಸರಿ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಕಳಿಸಲು ನನಗೆ ಮನಸ್ಸಾಗಲಿಲ್ಲ. ಏಕೆಂದರೆ ಇದೇ ಪ್ರಶ್ನೆಯನ್ನು ಸುಮಾರು ನೂರು ವರ್ಷಗಳ ಹಿಂದೆ ನಮ್ಮ ನೀಲಗಿರಿಯ ಕೂನೂರಿನಲ್ಲಿ ಕುಳಿತು ಒಬ್ಬ ಐರಿಷ್ ವೈದ್ಯರು ಪಾರಿವಾಳಗಳಿಗೂ ಇಲಿಗಳಿಗೂ ಕೇಳಿ ಉತ್ತರ ಪಡೆದಿದ್ದರು. ಅವರ ಹೆಸರು ಸರ್ ರಾಬರ್ಟ್ ಮೆಕ್ಯಾರಿಸನ್. ಅವರ ಕಥೆಯನ್ನೇ ಈ ಸಲ ಈ ಅಂಕಣದಲ್ಲಿ ಹೇಳುತ್ತೇನೆ.

ಮೆಕ್ಯಾರಿಸನ್ ಹುಟ್ಟಿದ್ದು 1878ರ ಮಾರ್ಚ್ 15ರಂದು, ಐರ್ಲೆಂಡಿನ ಉತ್ತರ ಭಾಗದ ಪೋರ್ಟಡೌನ್ ಎಂಬ ಊರಿನಲ್ಲಿ. ಐರ್ಲೆಂಡ್ ಎಂದರೆ ಆಲೂಗಡ್ಡೆಯನ್ನೇ ನಂಬಿ ಬದುಕಿದ್ದ ಬಡ ರೈತರ ದೇಶ. 1845ರಿಂದ ಕೆಲವು ವರ್ಷ ಆಲೂಗಡ್ಡೆ ಬೆಳೆಗೆ ಅಂಗಮಾರಿ ರೋಗ ತಗುಲಿ ಹೊಲಕ್ಕೆ ಹೊಲವೇ ಕೊಳೆತುಹೋಯಿತು. ಹಸಿವಿನಿಂದಲೂ ಅದರ ಹಿಂದೆಯೇ ಬಂದ ಜ್ವರಗಳಿಂದಲೂ ಸುಮಾರು ಹತ್ತು ಲಕ್ಷ ಜನ ಸತ್ತರು. ಮಳೆ ಹಿಡಿದು ಮೋಡ ಕವಿದ ವಾರಗಳಲ್ಲಿ ಹೊಸೂರು ಕಡೆಯ ಟೊಮೇಟೊ ತೋಟಗಳನ್ನು ಎರಡೇ ದಿನದಲ್ಲಿ ಸುಟ್ಟಂತೆ ಮಾಡುವುದೂ ಇದೇ ಅಂಗಮಾರಿಯೇ. ಒಂದೇ ಬೆಳೆಯನ್ನು ನಂಬಿ ಉಂಡ ಜನಕ್ಕೆ ಏನಾಯಿತು ಎಂಬ ನೆನಪು ಇನ್ನೂ ಹಸಿಯಾಗಿದ್ದ ದೇಶದಲ್ಲಿ ಈ ಹುಡುಗ ಬೆಳೆದ.

ಬೆಲ್‌ಫಾಸ್ಟ್ ನಗರದ ಕ್ವೀನ್ಸ್ ಕಾಲೇಜಿನಲ್ಲಿ ವೈದ್ಯ ಶಿಕ್ಷಣ ಮುಗಿಸಿ, 1900ರಲ್ಲಿ ಪದವಿ ಪಡೆದು, ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು. ಭಾರತಕ್ಕೆ ಹಡಗು ಹತ್ತಿದ ದಿನ ಅವರ ಇಪ್ಪತ್ತಮೂರನೆಯ ಹುಟ್ಟುಹಬ್ಬ. ಮೊದಲ ಕೆಲಸ ವಾಯವ್ಯ ಗಡಿಯ ಚಿತ್ರಾಲ್ ಎಂಬ ಗುಡ್ಡಗಾಡಿನಲ್ಲಿದ್ದ ಸಿಪಾಯಿಗಳನ್ನು ನೋಡಿಕೊಳ್ಳುವುದು. ಅಲ್ಲಿ ಬೇಸಿಗೆ ಬಂತೆಂದರೆ ಸಿಪಾಯಿಗಳಿಗೆ ಮೂರು ದಿನದ ಒಂದು ಜ್ವರ ಬರುತ್ತಿತ್ತು. ಎಲ್ಲರೂ ಅದನ್ನು ಮಲೇರಿಯಾ ಎಂದೋ ಬಿಸಿಲಿನ ಜ್ವರ ಎಂದೋ ಸುಮ್ಮನಿದ್ದರು. ಈ ಯುವಕ ಮಾತ್ರ ಇದು ಬೇರೆಯೇ ಕಾಯಿಲೆ, ಸಣ್ಣ ಮರಳು ನೊಣ ಕಚ್ಚುವುದರಿಂದ ಬರುವಂತಿದೆ ಎಂದು ಬರೆದರು. ಕೆಲವೇ ವರ್ಷಗಳಲ್ಲಿ ಯುರೋಪಿನ ವೈದ್ಯರು ಅದನ್ನು ಪರೀಕ್ಷಿಸಿ ಹೌದೆಂದರು.

1904ರಿಂದ 1911ರವರೆಗೆ ಅವರು ಗಿಲ್ಗಿಟ್ಟಿನಲ್ಲಿ ಏಜೆನ್ಸಿ ಸರ್ಜನ್ ಆಗಿದ್ದರು. ಸರ್ಜನ್ ಎಂದರೆ ಕತ್ತಿ ಹಿಡಿದು ಆಪರೇಷನ್ ಮಾಡುವವರು ಮಾತ್ರ ಎಂದು ನಾವು ತಿಳಿಯುತ್ತೇವೆ. ಅಂದಿನ ಸರಕಾರದಲ್ಲಿ ಅದು ಒಂದು ಸೀಮೆಗೆಲ್ಲ ಒಬ್ಬನೇ ಡಾಕ್ಟರನ ಹುದ್ದೆ. ಮುರಿದ ಮೂಳೆ ಕಟ್ಟುವುದು, ಹೆರಿಗೆ ನೋಡುವುದು, ಸಿಡುಬಿನ ದಾಕು ಹಾಕಿಸುವುದು, ಊರಿನ ನೀರು ಪರೀಕ್ಷಿಸುವುದು, ಎಲ್ಲವೂ ಅವನದೇ.

ಗಿಲ್ಗಿಟ್ಟಿನ ಹಳ್ಳಿಗಳಲ್ಲಿ ಗಳಗಂಡ ಬಹಳ. ಕುತ್ತಿಗೆಯ ಮುಂದೆ ಗಡ್ಡೆ ದಪ್ಪವಾಗಿ ಜೋಲುವ ಕಾಯಿಲೆ ಅದು. ಒಂದೇ ಹಳ್ಳದ ನೀರನ್ನು ಮೇಲಿನಿಂದ ಕೆಳಕ್ಕೆ ಹಲವು ಹಳ್ಳಿಗಳು ಕುಡಿಯುತ್ತಿದ್ದವು. ಮೇಲಿನ ಹಳ್ಳಿಯಲ್ಲಿ ಗಳಗಂಡ ಕಡಿಮೆ, ಕೆಳಗೆ ಇಳಿದಂತೆ ಹೆಚ್ಚು. ಹೊಲದ, ಮನೆಯ, ಕೊಟ್ಟಿಗೆಯ ಕೊಳೆಯೆಲ್ಲ ಸೇರುತ್ತ ಸೇರುತ್ತ ನೀರು ಕೆಳಗೆ ಹೋಗುತ್ತದೆ, ಆ ಕೊಳೆಯಲ್ಲಿಯೇ ರೋಗದ ಬೀಜವಿರಬೇಕು ಎಂದು ಮೆಕ್ಯಾರಿಸನ್ ಊಹಿಸಿದರು. ಊಹೆಯನ್ನು ಪರೀಕ್ಷಿಸಲು ಅವರು ಮಾಡಿದ ಕೆಲಸ ಕೇಳಿದರೆ ಇಂದಿನ ಡಾಕ್ಟರುಗಳು ಬೆಚ್ಚುತ್ತಾರೆ. ಆ ನೀರಿನಿಂದ ಸೋಸಿ ತೆಗೆದ ಗಸಿಯನ್ನು ತಾವೂ ಕುಡಿದರು, ಒಪ್ಪಿ ಬಂದ ಕೆಲವರಿಗೂ ದಿನಾ ಕುಡಿಸಿದರು. ಕೆಲವರ ಕುತ್ತಿಗೆ ಊದಿತು. ಅದೇ ಗಸಿಯನ್ನು ಕುದಿಸಿ ಕುಡಿದವರಿಗೆ ಏನೂ ಆಗಲಿಲ್ಲ.

ಅವರ ತೀರ್ಮಾನ ಪೂರ್ತಿ ಸರಿಯಾಗಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಗಳಗಂಡಕ್ಕೆ ಮುಖ್ಯ ಕಾರಣ ಅಯೊಡಿನ್ ಕೊರತೆ. ಮಳೆ ಮತ್ತು ಹಿಮ ಗುಡ್ಡದ ಮಣ್ಣಿನಿಂದ ಅಯೊಡಿನ್ನನ್ನು ಸಾವಿರಾರು ವರ್ಷ ತೊಳೆದುಕೊಂಡು ಹೋಗಿರುವುದರಿಂದ ಅಲ್ಲಿ ಬೆಳೆದ ಕಾಳಿನಲ್ಲಿಯೂ ಅದು ಇರುವುದಿಲ್ಲ. ಮೆಕ್ಯಾರಿಸನ್ ಕೊಳೆ ನೀರಿಗೆ ಕೊಟ್ಟಷ್ಟು ಮಹತ್ವವನ್ನು ಅಯೊಡಿನ್‌ಗೆ ಕೊಡಲಿಲ್ಲ. ದೊಡ್ಡ ಬುದ್ಧಿವಂತರೂ ತಮ್ಮ ಮೊದಲ ಊಹೆಗೆ ಅಂಟಿಕೊಳ್ಳುವುದುಂಟು. 1962ರಲ್ಲಿ ಭಾರತ ಸರಕಾರ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುಮಾಡಿ ಉಪ್ಪಿಗೆ ಅಯೊಡಿನ್ ಸೇರಿಸುವುದನ್ನು ಹಿಡಿದ ಮೇಲೆಯೇ ಆ ರೋಗ ನಿಧಾನವಾಗಿ ಇಳಿಮುಖವಾಯಿತು. ಅಂದ ಹಾಗೆ, ನಮ್ಮ ಅಡಿಗೆಮನೆಗಳಲ್ಲಿ ಉಪ್ಪಿನ ಡಬ್ಬಿ ಒಲೆಯ ಪಕ್ಕದಲ್ಲೇ ಬಾಯಿ ತೆರೆದು ಕುಳಿತಿರುತ್ತದೆ. ಬಿಸಿಗೂ ಹಸಿ ಗಾಳಿಗೂ ಅಯೊಡಿನ್ ಹಾರಿಹೋಗುತ್ತದೆ. ಮುಚ್ಚಳ ಹಾಕಿ ಒಲೆಯಿಂದ ದೂರ ಇಡಿ, ಸಾರು ಇಳಿಸುವ ಹೊತ್ತಿಗೆ ಉಪ್ಪು ಹಾಕಿ.

ಗಿಲ್ಗಿಟ್ಟಿನ ಮೇಲುಗಡೆ ಹುಂಜಾ ಎಂಬ ಕಣಿವೆ. ಅಲ್ಲಿನವರು ಪೂರ್ತಿ ಕಾಳಿನ ರೊಟ್ಟಿ, ಸೊಪ್ಪು ತರಕಾರಿ, ಆಪ್ರಿಕಾಟ್ ಹಣ್ಣು, ಸ್ವಲ್ಪ ಹಾಲು, ಹಬ್ಬಕ್ಕೆ ಮಾಂಸ, ಇಷ್ಟೇ ತಿಂದು ಗಟ್ಟಿಮುಟ್ಟಾಗಿದ್ದರು. ಹೊಟ್ಟೆ ಹುಣ್ಣು, ಅಜೀರ್ಣ ಎಂದು ಬಂದವರನ್ನೇ ತಾನು ನೋಡಲಿಲ್ಲ ಎಂದು ಮೆಕ್ಯಾರಿಸನ್ ಬರೆದಿದ್ದಾರೆ. ಈ ಮಾತನ್ನು ಹಿಡಿದುಕೊಂಡು ಆಮೇಲೆ ಯಾರ್ಯಾರೋ ಹುಂಜಾದವರು ನೂರಿಪ್ಪತ್ತು ವರ್ಷ ಬದುಕುತ್ತಾರೆ ಎಂದು ಪುಸ್ತಕ ಮಾಡಿ ಮಾರಿದರು. ಅದು ಕಟ್ಟುಕಥೆ, ಅಲ್ಲಿಗೆ ಹೋದ ಬೇರೆಯವರು ಕಾಯಿಲೆಗಳನ್ನು ಕಂಡಿದ್ದಾರೆ. ಆದರೂ ಒಬ್ಬ ಡಾಕ್ಟರು ರೋಗವನ್ನು ನೋಡುವುದು ಬಿಟ್ಟು, ಇವರೇಕೆ ಆರೋಗ್ಯವಾಗಿದ್ದಾರೆ ಎಂದು ಕೇಳಿದ್ದು ಹೊಸ ದಾರಿ. ಅಲ್ಲಿಂದ ಅವರ ಕಣ್ಣು ಊಟದ ತಟ್ಟೆಯ ಮೇಲೆ ನೆಟ್ಟಿತು.

ಮೊದಲ ಮಹಾಯುದ್ಧದ ಕೊನೆಗೆ, 1918ರಲ್ಲಿ, ಬೆರಿಬೆರಿ ರೋಗದ ಶೋಧನೆಗಾಗಿ ಅವರು ಕೂನೂರಿಗೆ ಬಂದರು. ಅಲ್ಲಿನ ಪಾಸ್ಚರ್ ಸಂಸ್ಥೆ 1907ರಲ್ಲಿ ಹುಚ್ಚುನಾಯಿ ಕಡಿತದ ಚುಚ್ಚುಮದ್ದಿಗಾಗಿ ಸ್ಥಾಪನೆಯಾಗಿತ್ತು. ನಮ್ಮಲ್ಲಿ ವಯಸ್ಸಾದವರಿಗೆ, ನಾಯಿ ಕಚ್ಚಿದರೆ ಹೊಟ್ಟೆಯ ಸುತ್ತ ಹಾಕುತ್ತಿದ್ದ ಹದಿನಾಲ್ಕು ಸೂಜಿಗಳ ನೆನಪಿರಬಹುದು. ಆ ಹಳೆಯ ಮದ್ದನ್ನು ಕೂನೂರಿನಲ್ಲಿಯೂ ತಯಾರಿಸುತ್ತಿದ್ದರು. ಆ ಸಂಸ್ಥೆಯಲ್ಲಿ ಮೆಕ್ಯಾರಿಸನ್ ಅವರಿಗೆ ಸಿಕ್ಕಿದ್ದು ಒಂದು ಕೋಣೆ.

ಬೆರಿಬೆರಿ ಬಂದವರಿಗೆ ಕಾಲು ಜೋಮು ಹಿಡಿದು ಬಲ ಕಳೆದುಕೊಳ್ಳುತ್ತದೆ, ಕೆಲವರಿಗೆ ಮೈ ಊದಿ ಎದೆ ನಿಂತುಹೋಗುತ್ತದೆ. ಅಂದಿನ ಮದರಾಸು ಪ್ರಾಂತ್ಯದಲ್ಲಿ ಇದು ಆಂಧ್ರದ ಕರಾವಳಿ ಜಿಲ್ಲೆಗಳಲ್ಲಿ ಹೆಚ್ಚು. ಅಲ್ಲಿನವರು ಮಿಲ್ಲಿನಲ್ಲಿ ಪಾಲಿಶ್ ಮಾಡಿದ ಹಸಿ ಅಕ್ಕಿ ಉಣ್ಣುವವರು. ಕುಚ್ಚಲಕ್ಕಿ, ಅಂದರೆ ನಾವು ಪುಳುಂಗಲ್ ಅಕ್ಕಿ ಎನ್ನುವ ಅಕ್ಕಿ, ಉಣ್ಣುವ ಕಡೆ ರೋಗ ಅಪರೂಪ. ಇದಕ್ಕೂ ಮುಂಚೆ ಜಾವಾದಲ್ಲಿ ಐಕ್ಮನ್ ಎಂಬ ಡಚ್ ವೈದ್ಯರು ಕೋಳಿಗಳಿಗೆ ಬಿಳಿ ಅಕ್ಕಿ ಹಾಕಿದರೆ ಕಾಲು ಬೀಳುತ್ತದೆ, ತೌಡು ಹಾಕಿದರೆ ಏಳುತ್ತವೆ ಎಂದು ಕಂಡಿದ್ದರು. ಆ ಕೆಲಸಕ್ಕೆ 1929ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಮೆಕ್ಯಾರಿಸನ್ ಪಾರಿವಾಳಗಳನ್ನು ಸಾಕಿ ಇದನ್ನು ಇನ್ನೂ ಆಳಕ್ಕೆ ಒಯ್ದರು. ಬಿಳಿ ಅಕ್ಕಿಯನ್ನೇ ತಿಂದ ಪಾರಿವಾಳ ಕತ್ತು ಹಿಂದಕ್ಕೆ ಮುರಿದು ಬೀಳುವುದಕ್ಕೂ ಬಹಳ ಮೊದಲೇ ಅದರ ಕರುಳು, ಗ್ರಂಥಿಗಳು ಒಳಗೊಳಗೇ ಸೊರಗಿರುತ್ತವೆ ಎಂದು ತೋರಿಸಿದರು. ಮಂಗಗಳಲ್ಲೂ ಹಾಗೆಯೇ. ಒಂದೇ ಜಾಗದಲ್ಲಿ ಸಾಕಿದ ಮಂಗಗಳಲ್ಲಿ ಕೆಟ್ಟ ಊಟದವು ಆಮಶಂಕೆ ಬಂದು ನರಳಿದವು, ಒಳ್ಳೆಯ ಊಟದವು ಚೆನ್ನಾಗಿದ್ದವು. ರೋಗಕ್ಕೆ ಹೆಸರು ಬರುವ ಮೊದಲೇ ಊಟ ಮನುಷ್ಯನನ್ನು ಬಲಹೀನ ಮಾಡಿರುತ್ತದೆ ಎಂಬುದು ಇವುಗಳಿಂದ ಅವರು ಕಲಿತ ಪಾಠ.

ಕುಚ್ಚಲಕ್ಕಿಯ ಗುಟ್ಟು ಇಷ್ಟೇ. ಭತ್ತವನ್ನು ಸಿಪ್ಪೆ ಸಮೇತ ನೆನೆಸಿ ಬೇಯಿಸುವಾಗ ತೌಡಿನಲ್ಲಿರುವ ಬಿ-1 ಜೀವಸತ್ವ ನೀರಿನ ಜೊತೆ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಮಿಲ್ಲಿನಲ್ಲಿ ತೌಡು ತೆಗೆದರೂ ಅರ್ಧ ಸಂಪತ್ತು ಒಳಗೆ ಉಳಿದಿರುತ್ತದೆ. ಹಸಿ ಭತ್ತವನ್ನು ಮಿಲ್ಲಿಗೆ ಹಾಕಿ ಬೆಳ್ಳಗೆ ಉಜ್ಜಿಸಿದರೆ ತೌಡು ಹಸುವಿಗೆ, ಪಿಷ್ಟ ನಮಗೆ. ಹಸುವೇ ಬುದ್ಧಿವಂತ! ಅದರ ಮೇಲೆ ಅಕ್ಕಿಯನ್ನು ಮೂರು ನಾಲ್ಕು ಸಲ ಕಿವುಚಿ ತೊಳೆದು, ಗಂಜಿ ಬಸಿದು ಚೆಲ್ಲಿದರೆ ಮಿಕ್ಕಿದ್ದೂ ಮೋರಿಗೆ.

1923ರಲ್ಲಿ ಸರಕಾರದ ಖರ್ಚು ಇಳಿಸಲು ನೇಮಿಸಿದ ಇಂಚ್‌ಕೇಪ್ ಸಮಿತಿಯ ಕತ್ತರಿಗೆ ಈ ಕೆಲಸವೂ ಸಿಕ್ಕಿತು. ಹಣವಿಲ್ಲವೆಂದು ಕೋಣೆಗೆ ಬೀಗ ಬಿತ್ತು. ಎರಡು ವರ್ಷದ ನಂತರ, 1925ರಲ್ಲಿ ಮತ್ತೆ ಬಾಗಿಲು ತೆರೆಯಿತು. ಮುಂದೆ ಅದೇ ಕೋಣೆ ಬೆಳೆದು ಪೌಷ್ಟಿಕತೆ ಸಂಶೋಧನಾಲಯವಾಯಿತು. 1935ರಲ್ಲಿ ನಿವೃತ್ತರಾಗುವವರೆಗೆ ಮೆಕ್ಯಾರಿಸನ್ ಅದರ ನಿರ್ದೇಶಕರಾಗಿದ್ದರು.

ಈಗ ನಮಗೆ ನೇರವಾಗಿ ಸಂಬಂಧಿಸಿದ ಪ್ರಯೋಗಕ್ಕೆ ಬರುತ್ತೇನೆ. ಒಂದೇ ತಳಿಯ, ಒಂದೇ ವಯಸ್ಸಿನ ಎಳೆಯ ಬಿಳಿ ಇಲಿಗಳನ್ನು ಇಪ್ಪತ್ತಿಪ್ಪತ್ತರಂತೆ ಏಳು ಗುಂಪು ಮಾಡಿದರು. ಒಂದು ಗುಂಪಿಗೆ ಸಿಖ್ಖರ ಊಟ, ಒಂದಕ್ಕೆ ಪಠಾಣರದು, ಒಂದಕ್ಕೆ ಮರಾಠರದು, ಹಾಗೆಯೇ ಗೂರ್ಖರದು, ಕನ್ನಡಿಗರದು, ಬಂಗಾಳಿಗಳದು, ಮದರಾಸಿಗಳದು. ಆಯಾ ಜನ ಮನೆಯಲ್ಲಿ ಬೇಯಿಸುವಂತೆಯೇ ಬೇಯಿಸಿ ಹಾಕಿದರು. ಗೂಡು, ಗಾಳಿ, ಬೆಳಕು, ಶುಚಿ ಎಲ್ಲವೂ ಒಂದೇ ರೀತಿ. ಕೆಲವು ತಿಂಗಳ ನಂತರ ತೂಗಿದಾಗ ಸರಾಸರಿ ತೂಕ ಹೀಗಿತ್ತು: ಸಿಖ್ಖರ ಊಟದವು 235 ಗ್ರಾಂ, ಪಠಾಣರದು 230, ಮರಾಠರದು 225, ಗೂರ್ಖರದು 200, ಕನ್ನಡಿಗರದು 185, ಬಂಗಾಳಿಗಳದು 180, ಎಲ್ಲಕ್ಕಿಂತ ಕೊನೆಗೆ ಮದರಾಸಿಗಳ ಊಟದ ಇಲಿಗಳು 155 ಗ್ರಾಂ.

ಆಗ ಹೊಸೂರು, ಕೃಷ್ಣಗಿರಿ ಎರಡೂ ಮದರಾಸು ಪ್ರಾಂತ್ಯದ ಸೇಲಂ ಜಿಲ್ಲೆಯಲ್ಲಿದ್ದವು. ಮನೆಮಾತು ಕನ್ನಡ, ಸರಕಾರ ಮದರಾಸಿನದು. ಹಾಗಾದರೆ ನಮ್ಮ ಅಜ್ಜ ಅಜ್ಜಿಯರು 185ರ ಸಾಲಿನವರೋ 155ರ ಸಾಲಿನವರೋ? ಅದು ಅವರ ತಟ್ಟೆಯಲ್ಲಿ ಏನಿತ್ತು ಎಂಬುದರ ಮೇಲೆ ನಿಂತಿದೆ, ಮಾತಿನ ಮೇಲಲ್ಲ. ಮೆಕ್ಯಾರಿಸನ್ ಹೇಳಿದ್ದೂ ಅದನ್ನೇ. ಎಲ್ಲ ಇಲಿಯೂ ಒಂದೇ ಜಾತಿ, ಬೇರೆಯಾಗಿದ್ದದ್ದು ಊಟ ಮಾತ್ರ. ಸಿಖ್ಖರ ಊಟದಲ್ಲಿ ಪೂರ್ತಿ ಗೋಧಿಯ ರೊಟ್ಟಿ, ಹಾಲು, ಮೊಸರು, ಬೆಣ್ಣೆ, ಬೇಳೆಕಾಳು, ಸೊಪ್ಪು ತರಕಾರಿ, ಆಗೀಗ ಮಾಂಸ ಇದ್ದವು. ಮದರಾಸಿ ಊಟದಲ್ಲಿ ತಟ್ಟೆಯ ತುಂಬ ಬೆಳ್ಳಗಿನ ಅನ್ನ, ಅದರ ಅಂಚಿಗೆ ಮಿಕ್ಕಿದ್ದೆಲ್ಲ ಸ್ವಲ್ಪ ಸ್ವಲ್ಪ, ಹಾಲು ಇಲ್ಲವೆನ್ನುವಷ್ಟು ಕಡಿಮೆ.

ಅವರು ತಮ್ಮ ಸ್ವಂತ ನಾಡಿನವರನ್ನೂ ಬಿಡಲಿಲ್ಲ. ಇಂಗ್ಲೆಂಡಿನ ಬಡವರ ಊಟ, ಅಂದರೆ ಬಿಳಿ ಬ್ರೆಡ್ಡು, ಮಾರ್ಗರಿನ್, ಡಬ್ಬಿಯ ಮಾಂಸ, ಬೇಯಿಸಿ ಸಪ್ಪೆ ಮಾಡಿದ ತರಕಾರಿ, ಜಾಮು, ಸಕ್ಕರೆ ಹಾಕಿದ ಟೀ, ಇದನ್ನು ಒಂದು ಗುಂಪಿಗೆ ಹಾಕಿದರು. ಆ ಇಲಿಗಳು ಬೆಳೆಯಲಿಲ್ಲ. ನೋಡಿಕೊಳ್ಳುವವರನ್ನು ಕಚ್ಚಿದವು. ಎರಡು ತಿಂಗಳಾಗುವ ಹೊತ್ತಿಗೆ ತಮ್ಮಲ್ಲೇ ಬಲಹೀನವಾದವನ್ನು ಕೊಂದು ತಿನ್ನತೊಡಗಿದವು. ಬಿಸ್ಕತ್ತು, ಬನ್ನು, ಟೀಯಲ್ಲೇ ಬೆಳಿಗ್ಗೆ ಕಳೆಯುವ ನಮ್ಮ ಮಕ್ಕಳನ್ನು ನೋಡಿದಾಗ ನನಗೆ ಆ ಇಲಿಗಳು ನೆನಪಾಗುವುದುಂಟು, ತಂದೆತಾಯಂದಿರು ಕ್ಷಮಿಸಬೇಕು. ಇತ್ತ ಸಿಖ್ಖರ ಊಟದ ಮೇಲೆ ಸಾಕಿದ ನೂರಾರು ಇಲಿಗಳ ಹಿಂಡಿನಲ್ಲಿ ಎರಡು ವರ್ಷಕ್ಕೂ ಮಿಕ್ಕಿ ಒಂದೂ ಕಾಯಿಲೆ ಬೀಳಲಿಲ್ಲ. ಇಲಿಗೆ ಎರಡು ವರ್ಷ ಎಂದರೆ ಮನುಷ್ಯನಿಗೆ ಸುಮಾರು ಐವತ್ತು ವರ್ಷ.

ಇಲಿ ಮನುಷ್ಯನಲ್ಲ, ನಿಜ. ಆ ಏಳು ಊಟಗಳೂ ಸರಾಸರಿ ಊಟಗಳು. ಸಿಖ್ಖರಲ್ಲಿ ಬಡವರಿರಲಿಲ್ಲವೇ, ಮದರಾಸಿನಲ್ಲಿ ಹಾಲು ಕುಡಿಯುವವರಿರಲಿಲ್ಲವೇ ಎಂದು ಕೇಳಬಹುದು. ಆದರೆ ತೂಕದ ಆ ಸಾಲನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ರೈತರಾದ ನಿಮಗೆ ಇನ್ನೊಂದು ಸಂಗತಿ. ಕೊಯಮತ್ತೂರಿನ ಕೃಷಿ ಕಾಲೇಜಿನಲ್ಲಿ 1909ರಿಂದ ಒಂದೇ ನೆಲದ ತುಂಡುಗಳಿಗೆ ವರ್ಷ ವರ್ಷವೂ ಬೇರೆ ಬೇರೆ ಗೊಬ್ಬರ ಹಾಕಿ ಬೆಳೆಯುವ ಪ್ರಯೋಗ ನಡೆಯುತ್ತಿತ್ತು. ಅಲ್ಲಿನ ಕೃಷಿ ರಸಾಯನ ತಜ್ಞ ಬಿ. ವಿಶ್ವನಾಥ್ ಅವರೊಂದಿಗೆ ಸೇರಿ ಮೆಕ್ಯಾರಿಸನ್ ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆದ ಕಿರುಧಾನ್ಯ, ಗೋಧಿಗಳನ್ನೂ ರಾಸಾಯನಿಕ ಗೊಬ್ಬರದಲ್ಲಿ ಬೆಳೆದವನ್ನೂ ಪ್ರಾಣಿಗಳಿಗೆ ತಿನ್ನಿಸಿ ನೋಡಿದರು. ಕೊಟ್ಟಿಗೆ ಗೊಬ್ಬರದ ಕಾಳು ತಿಂದವು ಹೆಚ್ಚು ಚೆನ್ನಾಗಿ ಬೆಳೆದವು ಎಂದು 1920ರ ದಶಕದಲ್ಲಿ ಪ್ರಕಟಿಸಿದರು. ಸಾವಯವ ಬೇಸಾಯದ ಮೊದಲಿಗರಾದ ಆಲ್ಬರ್ಟ್ ಹೋವರ್ಡ್ ಮುಂತಾದವರಿಗೆ ಈ ಕೆಲಸ ದೊಡ್ಡ ಬಲ ಕೊಟ್ಟಿತು. ನ್ಯಾಯವಾಗಿ ಹೇಳಬೇಕೆಂದರೆ, ಆಮೇಲೆ ಇಂಗ್ಲೆಂಡಿನಲ್ಲಿ ನಡೆದ ಪರೀಕ್ಷೆಗಳಲ್ಲಿ ಅಷ್ಟೊಂದು ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಯೂರಿಯಾ ಹಾಕಿದ ರಾಗಿ ತಿಂದರೆ ಕಾಯಿಲೆ ಬರುತ್ತದೆ ಎಂದು ನಾನು ಹೇಳಲಾರೆ. ನಮ್ಮ ಕೆಂಪು ಮಣ್ಣಿಗೆ ತಿಪ್ಪೆಗೊಬ್ಬರ ಬೇಕೇ ಬೇಕು ಎಂಬುದಕ್ಕೆ ಇಲಿಗಳ ಸಾಕ್ಷಿ ಬೇಕಾಗಿಲ್ಲ, ಹಸಿ ಹಿಡಿದು ನಿಲ್ಲುವ ಮಣ್ಣನ್ನು ನೀವೇ ಕಂಡಿದ್ದೀರಿ.

ಈಗ ಆ ತಾಯಿಯ ಪ್ರಶ್ನೆಗೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಸತ್ವ, ಅಂದರೆ ಕ್ಯಾಲ್ಸಿಯಂ ಇದೆ. ಅಷ್ಟೇ ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ. ರಾಗಿಯ ಕಾಳು ತೀರ ಸಣ್ಣದಾದ್ದರಿಂದ ಅಕ್ಕಿಯಂತೆ ಅದರ ತೌಡು ಉಜ್ಜಿ ತೆಗೆಯುವುದು ಸುಲಭವಲ್ಲ. ಮಿಲ್ಲಿಗೆ ಹಾಕಿದರೂ ಸಿಪ್ಪೆ ಸಮೇತ ಹಿಟ್ಟಾಗಿ ಬರುತ್ತದೆ. ಮಾರುವ ಆಸೆಗೆ ಬಿಳಿ ರಾಗಿಹಿಟ್ಟು ಮಾಡಲು ಜರಡಿ ಹಿಡಿದರೆ ಮಾತ್ರ ಆ ಗುಣ ಹೋಗುತ್ತದೆ. ಬೆಳೆಯುವ ಮಗುವಿಗೂ ಬಸುರಿಗೂ ಬಾಣಂತಿಗೂ ಮೂಳೆ ಸವೆಯುವ ವಯಸ್ಸಿನ ಅಜ್ಜಿಗೂ ಇದಕ್ಕಿಂತ ಅಗ್ಗದ ಸುಣ್ಣ ಸಿಗುವುದಿಲ್ಲ. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸಿದ ಹಿಟ್ಟಿನಲ್ಲಿ ಕಬ್ಬಿಣ ಮತ್ತು ಸುಣ್ಣ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತವೆ. ಚಿಕ್ಕ ಮಕ್ಕಳ ಸರಿಗೆ ಅದೇ ಹಿಟ್ಟು ಉತ್ತಮ.

ಆದರೆ ಮುದ್ದೆಯೊಂದನ್ನೇ ಹೊಗಳಿ ನಾನು ನಿಮ್ಮನ್ನು ತಪ್ಪು ದಾರಿಗೆ ಎಳೆಯಬಾರದು. ರಾಗಿಯಲ್ಲಿ ಎ ಮತ್ತು ಸಿ ಜೀವಸತ್ವಗಳು ಇಲ್ಲವೆಂದೇ ಹೇಳಬೇಕು. ಅದರ ಸಸಾರಜನಕವೂ ಒಂಟಿಯಾಗಿ ಸಾಲದು. ಹಿಂದಿನವರು ಮುದ್ದೆಯ ಜೊತೆಗೆ ಅವರೆಕಾಳಿನ ಸಾರು, ಹುರುಳಿ ಬಸ್ಸಾರು, ಮಸ್ಸೊಪ್ಪು, ನುಗ್ಗೆ ಸೊಪ್ಪಿನ ಪಲ್ಯ ಮಾಡಿಕೊಳ್ಳುತ್ತಿದ್ದುದು ಆ ಕೊರತೆಯನ್ನು ತುಂಬುತ್ತಿತ್ತು. ಮೆಕ್ಯಾರಿಸನ್ ಅವರ ಸಿಖ್ ಊಟದ ಪಟ್ಟಿಯಲ್ಲಿ ಗೋಧಿ ತೆಗೆದು ರಾಗಿ ಇಟ್ಟರೆ ಅದು ಹೆಚ್ಚು ಕಡಿಮೆ ನಮ್ಮ ಊಟವೇ ಆಗುತ್ತದೆ, ಒಂದನ್ನು ಬಿಟ್ಟು. ಹಾಲು.

ಇಲ್ಲಿಯೇ ನನ್ನ ತಕರಾರು ಇರುವುದು. ನಮ್ಮ ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ಕರೆದ ಹಾಲೆಲ್ಲ ಕ್ಯಾನಿಗೆ, ಕ್ಯಾನು ಸೊಸೈಟಿಗೆ. ಮನೆಯ ಮಕ್ಕಳಿಗೆ ಟೀಗೆ ಬೇಕಾಗುವ ಅರ್ಧ ಲೋಟ ಮಾತ್ರ ಉಳಿಯುತ್ತದೆ. ಸಾಲದ ಕಂತು, ಹಿಂಡಿ ಬೂಸದ ಬೆಲೆ, ಶಾಲೆಯ ಫೀಸು ನನಗೂ ಗೊತ್ತು. ಆದರೂ ಪ್ರತಿ ಮಗುವಿಗೆ ದಿನಕ್ಕೆ ಒಂದು ಲೋಟದಂತೆ ಮೊದಲು ಅಳೆದು ಎತ್ತಿಟ್ಟು, ಮಿಕ್ಕಿದ್ದನ್ನು ಕ್ಯಾನಿಗೆ ಹಾಕಿ. ಅದರಿಂದ ತಿಂಗಳಿಗೆ ಎಷ್ಟು ಕಡಿಮೆಯಾಗುತ್ತದೆ ಎಂದು ಲೆಕ್ಕ ಹಾಕಿ, ಪಕ್ಕದಲ್ಲಿ ಕಳೆದ ವರ್ಷ ಆಸ್ಪತ್ರೆಗೆ, ಮೆಡಿಕಲ್ ಶಾಪಿಗೆ ಕೊಟ್ಟ ಹಣವನ್ನೂ ಬರೆಯಿರಿ.

ರಾಗಿಯನ್ನು ಮಾರಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಮನೆಗೆ ವರ್ಷಕ್ಕೆ ಬೇಕಾದಷ್ಟನ್ನು ಮೊದಲು ಕಣಜಕ್ಕೆ ಹಾಕಿ, ಹೆಚ್ಚಾದದ್ದನ್ನು ಮಾರಿ. ಅಕ್ಕಿ ಕೊಳ್ಳುವಾಗ ಪುಳುಂಗಲ್ ಕೊಳ್ಳಿ, ಒಂದೆರಡು ಸಲ ಮಾತ್ರ ತೊಳೆಯಿರಿ, ಗಂಜಿ ಚೆಲ್ಲಬೇಡಿ. ಮಕ್ಕಳು ಮುದ್ದೆ ನುಂಗದಿದ್ದರೆ ರಾಗಿ ರೊಟ್ಟಿ, ರಾಗಿ ದೋಸೆ, ಬೆಲ್ಲ ಹಾಕಿದ ಅಂಬಲಿ ಮಾಡಿ. ತಟ್ಟೆಯ ಮುಂದೆ ಅಪ್ಪನೂ ಕುಳಿತು ಅದನ್ನೇ ಉಂಡರೆ ಅರ್ಧ ಕೆಲಸ ಆದಂತೆ.

ಮೆಕ್ಯಾರಿಸನ್ 1933ರಲ್ಲಿ ಸರ್ ಪದವಿ ಪಡೆದರು. ಅದಕ್ಕೂ ಮೊದಲೇ, 1928ರಲ್ಲಿ, ಭಾರತದ ಶಾಲೆಗಳಿಗಾಗಿ ಆಹಾರದ ಬಗ್ಗೆ ಒಂದು ಸಣ್ಣ ಪಾಠಪುಸ್ತಕ ಬರೆದಿದ್ದರು. ನಿವೃತ್ತರಾಗಿ ಇಂಗ್ಲೆಂಡಿಗೆ ಹೋದ ಮೇಲೆ 1936ರಲ್ಲಿ ಲಂಡನ್ನಿನಲ್ಲಿ ಮಾಡಿದ ಉಪನ್ಯಾಸಗಳಲ್ಲಿಯೂ ಕೂನೂರಿನ ಇಲಿಗಳ ಕಥೆಯನ್ನೇ ಹೇಳಿದರು. 1960ರ ಮೇ 18ರಂದು ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು. ಅವರ ನಂತರ ಕೂನೂರಿನ ಸಂಶೋಧನಾಲಯವನ್ನು ವಹಿಸಿಕೊಂಡ ಐಕ್ರಾಯ್ಡ್ ಎಂಬುವರೂ ಐರ್ಲೆಂಡಿನ ಡಬ್ಲಿನ್ನಿನಲ್ಲಿ ಓದಿದವರೇ. ನಮ್ಮ ದೇಶದ ಧಾನ್ಯ, ಸೊಪ್ಪು, ಹಣ್ಣುಗಳಲ್ಲಿ ಯಾವ ಸತ್ವ ಎಷ್ಟಿದೆ ಎಂಬ ಪಟ್ಟಿಯನ್ನು ಮೊದಲು ಹೊರತಂದವರು ಅವರು. ಇಂದು ಡಾಕ್ಟರುಗಳು ನೋಡುವ ಪಟ್ಟಿಗೆ ಅದೇ ಬೇರು. 1958ರಲ್ಲಿ ಸಂಶೋಧನಾಲಯ ಹೈದರಾಬಾದಿಗೆ ಹೋಯಿತು. ಈಗ ಅದೇ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ.

2023ರಲ್ಲಿ ತಮಿಳುನಾಡು ಸರಕಾರ ರೇಷನ್ ಅಂಗಡಿಗಳಲ್ಲಿ ಅಕ್ಕಿಯ ಬದಲು ಎರಡು ಕಿಲೋ ರಾಗಿ ಕೊಡುವ ಯೋಜನೆಯನ್ನು ಮೊದಲು ಪ್ರಾರಂಭಿಸಿದ್ದು ಎರಡು ಜಿಲ್ಲೆಗಳಲ್ಲಿ: ಒಂದು ನಮ್ಮ ನೆರೆಯ ಧರ್ಮಪುರಿ, ಇನ್ನೊಂದು ಕೂನೂರು ಇರುವ ನೀಲಗಿರಿ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಊಟಿಗೆ ಹೋಗುವವರು ಕೂನೂರಿನ ಸಿಮ್ಸ್ ಪಾರ್ಕಿನಲ್ಲಿ ಇಳಿದು ಹೂವು ನೋಡುತ್ತೀರಿ. ಅದರ ಹತ್ತಿರದಲ್ಲೇ ಪಾಸ್ಚರ್ ಸಂಸ್ಥೆಯ ಹಳೆಯ ಕಟ್ಟಡವಿದೆ. ಆ ಇಲಿಗಳು ಇದ್ದದ್ದು ಇಲ್ಲಿ ಎಂದು ಮಕ್ಕಳಿಗೆ ತೋರಿಸಿ.